ಐವತ್ತೊಂದನೆಯ ಓಟು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಯಂತ್ರದ ಮೇಲೆ ಗೂಬೆ ಕೂರಿಸಬಾರದು.

ಲೋಕಸಭೆ ಚುನಾವಣೆಗೆ ಹಳ್ಳೂರಿನ ಶಾಲೆಯ ಮತಗಟ್ಟೆಗೆ ನಾನೇ ಅಧಿಕಾರಿ. ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಪಕ್ಷದ ಏಜೆಂಟರು ತಮಗೆ ಬೇಕಾದ ಗುಂಡಿ ಒತ್ತಿ ಐವತ್ತು ಓಟು ಹಾಕಿದರು, ಯಾರಿಗೆ ಎಷ್ಟೆಂದು ಬರೆದುಕೊಂಡರು. ಆಮೇಲೆ ಯಂತ್ರ ಮುಚ್ಚಿ, ಫಲಿತಾಂಶ ತೋರಿಸಿ, ಎಲ್ಲ ಅಳಿಸಿ, ಸೊನ್ನೆ ಮಾಡಿ ಸೀಲ್ ಹಾಕಬೇಕು.

ಅಷ್ಟರಲ್ಲಿ ಏಜೆಂಟರಾದ ಗುರಸಿದ್ದಪ್ಪ ಮತ್ತು ಲಾಡ್ಲೆಸಾಬನಿಗೆ ಜಗಳ ಹತ್ತಿತು.

"ಮೊದ್ಲ ಚೀಟಿ ಎಣಸ್ರಿ ಅಕ್ಕೋರ. ಈ ಮನಶ್ಯಾನ್ನ ನಂಬಾಂಗಿಲ್ಲ," ಎಂದ ಲಾಡ್ಲೆಸಾಬ.

"ನಿನ್ನ ನಂಬಿದೋರು ಯಾರ ಅದಾರಲೇ?" ಎಂದ ಗುರಸಿದ್ದಪ್ಪ.

ಯಂತ್ರದಿಂದ ಬಿದ್ದ ಚೀಟಿಗಳನ್ನು ಎರಡು ಸಲ ಎಣಿಸಿದೆವು. ಐವತ್ತೂ ತಾಳೆಯಾದವು. ಏಳು ಹೊಡೆಯಲಿತ್ತು, ಹೊರಗೆ ಸಾಲು ಕೂಗಾಡುತ್ತಿತ್ತು. ಚೀಟಿ ತೆಗೆದು ಡಬ್ಬಿ ಖಾಲಿ ಮಾಡಿದ್ದೇ ಎಲ್ಲ ಮುಗಿಯಿತೆಂದುಕೊಂಡು ಸೀಲ್ ಹಾಕಿದೆ. ಯಂತ್ರದೊಳಗಿನ ಐವತ್ತು ಅಲ್ಲೇ ಉಳಿದವು.

ಮೊದಲ ಓಟು ಗುರಸಿದ್ದಪ್ಪನ ಹೆಂಡತಿ ನೀಲವ್ವನದು. ತಮ್ಮ ಮನೆಯದೇ ಬೋಣಿಗೆ ಆಗಬೇಕೆಂದು ಅವನೇ ಐದು ಗಂಟೆಗೆ ತಂದು ಸಾಲಿನ ಮುಂದೆ ನಿಲ್ಲಿಸಿದ್ದ. ಆಕೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಮರೆಗೆ ಹೋದಳು. ಬೀಪ್ ಸದ್ದಾಯಿತು. ನಾನು ಸುಮ್ಮನೆ ಒಟ್ಟು ಮತದ ಗುಂಡಿ ಒತ್ತಿ ನೋಡಿದೆ. ಐವತ್ತೊಂದು.

ಸಾಲು ನಿಲ್ಲಿಸಿ ಏಜೆಂಟರಿಗೆ ಹೇಳಿದೆ.

"ಅಯ್ಯ, ಇಷ್ಟ ಹೌದಲ್ಲ? ಸೀಲ್ ಒಡೀರಿ, ಫಲಿತಾಂಶ ನೋಡಿ ಅಳಸ್ರಿ. ನಮ್ಮಾಕಿ ಇನ್ನೊಮ್ಮೆ ಒತ್ತತಾಳ. ಯಾರಿಗೂ ಹೇಳಾಂಗಿಲ್ಲ ನಾವು," ಎಂದ ಗುರಸಿದ್ದಪ್ಪ.

"ನಂದೂ ತಕರಾರಿಲ್ರಿ," ಎಂದ ಲಾಡ್ಲೆಸಾಬ. ಬೆಳಿಗ್ಗೆಯಿಂದ ಇಬ್ಬರೂ ಒಪ್ಪಿದ್ದು ಇದೊಂದೇ ಮಾತು.

ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ನೋಟಿಸು, ಬಹುಶಃ ಅಮಾನತು. ಆದರೆ ಫಲಿತಾಂಶ ತೋರಿಸದೆ ಅಳಿಸಲು ಯಂತ್ರ ಬಿಡುವುದಿಲ್ಲ. ಪರದೆಗೆ ಕೈ ಅಡ್ಡ ಹಿಡಿದರೆ ಏಜೆಂಟರು ಬಿಡುವುದಿಲ್ಲ. ಐವತ್ತರ ಲೆಕ್ಕ ಅವರ ಕೈಯಲ್ಲೇ ಇತ್ತು. ಯಾರ ಹೆಸರಿನ ಮುಂದೆ ಒಂದು ಹೆಚ್ಚಿದೆಯೋ ಅದೇ ನೀಲವ್ವನ ಓಟು.

"ನಿಮ್ಮ ಮನೆಯವರ ಓಟು ಎಲ್ಲರಿಗೂ ಗೊತ್ತಾಗುತ್ತೆ," ಎಂದೆ.

"ಗೊತ್ತಾಗ್ಲಿ! ನಂದ ಓಟು, ಆಕಿದ ಓಟು ಬ್ಯಾರೆ ಏನ್ರಿ? ಒತ್ರಿ!"

ಬಾಗಿಲಲ್ಲಿ ನಿಂತಿದ್ದ ನೀಲವ್ವನ ಕಡೆ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಬೇಡವೆನ್ನಲೂ ಆಕೆಗೆ ಧೈರ್ಯವಿಲ್ಲ. ಬೇಡವೆಂದರೆ ತಾನೇ ಗುಟ್ಟು ಬಿಟ್ಟುಕೊಟ್ಟ ಹಾಗೇ ಆಯಿತಲ್ಲ. ಆ ಗಂಡಸಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸೀಲ್ ಮುಟ್ಟೋದಿಲ್ಲ," ಎಂದು ಮೇಲಧಿಕಾರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರಿಂದ ಬೈಸಿಕೊಂಡೆ. ಮುಕ್ಕಾಲು ಗಂಟೆಯಲ್ಲಿ ಬೇರೆ ಯಂತ್ರ ಬಂತು. ಹಳೆಯದನ್ನು ಐವತ್ತೊಂದರ ಸಮೇತ ಮುಚ್ಚಿ ಬದಿಗಿಟ್ಟರು. ಒಮ್ಮೆ ಓಟು ಹಾಕಿದ ನೀಲವ್ವನಿಗೆ ಹೊಸದರಲ್ಲಿ ಇನ್ನೊಮ್ಮೆ ಅವಕಾಶವಿಲ್ಲ. ಗೆಲುವಿನ ಅಂತರ ತೀರಾ ಸಣ್ಣದಾದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆಯುತ್ತಾರೆ. ನಮ್ಮ ಕ್ಷೇತ್ರದಲ್ಲಿ ಅಂತರ ಯಾವತ್ತೂ ಸಾವಿರಗಳಲ್ಲೇ.

ಮಧ್ಯಾಹ್ನ ಬೋರಿಗೆ ಮುಖ ತೊಳೆಯಲು ಹೋದಾಗ ನೀಲವ್ವ ಕೊಡ ಹಿಡಿದು ಬಂದಳು. ಅತ್ತಿತ್ತ ನೋಡಿ ಕೇಳಿದಳು:

"ಅಕ್ಕೋರ, ನಂದು ಲೆಕ್ಕಕ್ಕ ಬರ್ತದೇನ್ರಿ?"

ಬರುತ್ತದೆ ಎನ್ನಲು ನಾಲಿಗೆ ಏಳಲಿಲ್ಲ. "ಬರಲಿಕ್ಕಿಲ್ಲವ್ವ," ಎಂದೆ.

ಆಕೆ ಕೊಡ ಕೆಳಗಿಟ್ಟಳು.

"ಲಗ್ನ ಆಗಿ ಹನ್ನೆರಡು ವರ್ಷದಾಗ ಇದ ಮೊದಲನೇ ಸಲ ರೀ, ನನಗ ಬೇಕಾದ್ದು ಒತ್ತಿದ್ದು."