ಕಾರಿನ ಎಡಗಡೆ ಯಾವುದು?

ಹೆರಿಗೆ ಆಸ್ಪತ್ರೆಯಿಂದ ಮಗಳ ಫೋನ್ ಬಂದಾಗ ದರ್ಜಿಯಮ್ಮನ ಕಾರು ಮುಂದಿನ ಎರಡೂ ಚಕ್ರ ಕಳಚಿಕೊಂಡು ಶೆಡ್ಡಿನಲ್ಲಿ ಸ್ಟ್ಯಾಂಡುಗಳ ಮೇಲೆ ನಿಂತಿತ್ತು.

"ಅಮ್ಮಾ, ಸಂಜೆಗೇ ಮನೆಗೆ ಹೋಗ್ಬಹುದಂತೆ! ಡಾಕ್ಟ್ರು ಈಗ ಹೇಳಿದ್ರು."

"ಅಯ್ಯೋ ನನ್ನ ಬಂಗಾರ! ಬಂದೆ ಇರು. ಕೂಸನ್ನ ನಾನೇ ಕರ್ಕೊಂಡು ಬರ್ತೀನಿ."

"ಆ ಲಟಾರಿ ಗಾಡೀಲಾ? ಹಂಪ್ ಬಂದ್ರೆ ಸಾಕು, ಕಟಕಟ ಅಂತ ಹಲ್ಲು ಕಡಿಯುತ್ತೆ. ಶಬ್ದ ಬಂದ್ರೆ ನಾನು ಹತ್ತಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ. ನಮ್ಮತ್ತೆ ಹೊಸ ಕಾರು ತರ್ತಾರೆ, ಅವರ ಮನೆಗೇ ಹೋಗ್ತೀನಿ."

ಮುಗಿಯಿತಲ್ಲ! ಮೊಮ್ಮಗಳು ಮೊದಲು ಯಾರ ಮನೆಗೆ ಬರಬೇಕು ಅನ್ನುವುದು ಎರಡು ಶಾಕ್ ಅಬ್ಸಾರ್ಬರುಗಳ ಮೇಲೆ ನಿಂತಿತು. ದರ್ಜಿಯಮ್ಮನಿಗೆ ಭಯವಾಗಬೇಕಿತ್ತು, ಆಗಿದ್ದು ಖುಷಿ. ಮಗಳು ಕೂಸಾಗಿ ಬಂದದ್ದೂ ಇದೇ ಕಾರಿನಲ್ಲಿ. ಬೀಗಿತ್ತಿಯ ಹೊಸ ಕಾರಂತೆ, ಅದರಲ್ಲೇನು ಮಹಾ! ಶೋರೂಮಿಗೆ ಹೋದರೆ ಯಾರು ಬೇಕಾದರೂ ತರುತ್ತಾರೆ.

"ರೀ, ಏಳಿ! ಸಂಜೆಗೆ ಗಾಡಿ ಓಡ್ಬೇಕು!"

ಗಂಡ ಡ್ರಿಲ್ ಮೇಷ್ಟ್ರು, ಮನೆಯಲ್ಲೂ ಕೊರಳಿಂದ ಸೀಟಿ ತೆಗೆಯದ ಆಸಾಮಿ. ಸವೆದ ಹಳೆಯ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿದವರು ಅವರೇ. ಹೆಂಡತಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೇ ಹಿಡಿದು, ಕಾರಿನ ಮೂತಿಗೆ ಎದುರಾಗಿ ನಿಂತು, ಒಂದು ಕಡೆಯ ಭಾಗಗಳಿಗೆ ಎಡ ಎಂದು ‘ಎ’, ಇನ್ನೊಂದು ಕಡೆಯವಕ್ಕೆ ಬಲ ಎಂದು ‘ಬ’ ಬರೆದಿದ್ದರು. ಹೊಸದಾಗಿ ತಂದ ಶಾಕ್ ಅಬ್ಸಾರ್ಬರುಗಳಿಗೂ ಹಳೆಯವನ್ನು ಪಕ್ಕದಲ್ಲಿಟ್ಟು ನೋಡಿ ಹಾಗೇ ಬರೆದಿದ್ದರು.

ಜೋಡಿಸುವ ಕೆಲಸ ಮಾತ್ರ ದರ್ಜಿಯಮ್ಮನದು. ಶಾಕ್ ಅಬ್ಸಾರ್ಬರಿನ ಸುತ್ತ ಕೂರುವ ದಪ್ಪ ಸ್ಪ್ರಿಂಗನ್ನು ಎರಡು ಕ್ಲಾಂಪು ಹಾಕಿ ಅಮುಕಿ ಗಿಡ್ಡ ಮಾಡಬೇಕು. ಕೈತಪ್ಪಿದರೆ ಅದು ಸೂರು ಒಡೆದುಕೊಂಡು ಹೋಗುವ ಜಾತಿ. ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು, ಒಂದು ಹೆಚ್ಚಲ್ಲ, ಒಂದು ಕಮ್ಮಿಯಲ್ಲ.

"ಮುಖ ಆಚೆ ಇಟ್ಕೊಳ್ಳೇ!"

"ನೀವು ಮೊದ್ಲು ಬಾಯಿ ಮುಚ್ಕೊಳ್ಳಿ, ಲೆಕ್ಕ ತಪ್ಪುತ್ತೆ!"

ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಕೂತಿತು. ಮೇಲೆ ರಬ್ಬರು, ಬೇರಿಂಗು, ಟೋಪಿಯಂಥ ಮೌಂಟು, ಕೊನೆಗೆ ನಟ್ಟು. ನಟ್ಟು ಪೂರ್ತಿ ಬಿಗಿದ ಮೇಲೆಯೇ ಕ್ಲಾಂಪು ಸಡಿಲಿಸಬೇಕು, ಆತುರಪಟ್ಟಿರೋ ಕೆಟ್ಟಿರಿ. ಅವಳು ಉಸಿರು ಬಿಗಿಹಿಡಿದು ಸಡಿಲಿಸಿದಳು. ಸ್ಪ್ರಿಂಗು ಟಿಣ್ ಎಂದು ಒಮ್ಮೆ ಮಿಸುಕಿ ಗಟ್ಟಿಯಾಗಿ ಕೂತಿತು.

"ಕೂತ್ಕೊಂಡ್ತು ರೀ, ಕೂತ್ಕೊಂಡ್ತು!" ಎಂದು ಗ್ರೀಸು ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಎರಡನೆಯದು ಮುಗಿಯುವ ಹೊತ್ತಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ಹುರುಪಿನಲ್ಲಿ ‘ಎ’ ಬರೆದದ್ದನ್ನು ಒಯ್ದು ಕಾರಿಗೆ ಕೂರಿಸಿದಳು. ಬ್ರೇಕಿನ ಪೈಪು ಸಿಕ್ಕಿಸುವ ಕೊಕ್ಕೆ ನೋಡಿದರೆ ಪೂರಾ ಆಚೆಗೆ ಮುಖ ಮಾಡಿದೆ! ಎಷ್ಟು ಎಳೆದರೂ ಪೈಪು ಅಲ್ಲಿಗೆ ಎಟುಕಲಿಲ್ಲ.

"ರೀ, ಏನ್ರೀ ಬರ್ದಿದೀರಿ ನೀವು!"

"ಸರಿಯಾಗೇ ಬರ್ದಿದೀನಿ. ನೀನು ಬಲಗಡೆ ತಂದು ಹಾಕಿದ್ಯಲ್ಲೇ!"

"ಮತ್ತೆ? ನೀವು ಎದುರಿಗೆ ನಿಂತು ಬರ್ದಿದ್ದು. ನಿಮ್ಮ ಎಡ ಅಂದ್ರೆ ಕಾರಿಗೆ ಬಲ. ನನ್ನೆದುರು ನಿಂತ ಗಿರಾಕಿಗಳೆಲ್ಲ ಹಾಗೇ ಉಲ್ಟಾ ಹೇಳ್ತಾರೆ. ದಿನವಿಡೀ ತಿರುಗಿಸ್ಕೊಳ್ಳೋದೇ ನನ್ನ ಪಾಡು, ಇದನ್ನೂ ತಿರುಗಿಸ್ಕೊಂಡೆ."

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. "ಎದುರಿಗೆ ನಿಂತ ಮಕ್ಕಳಿಗೆ ಎಡ ಅಂದು ನನ್ನ ಬಲಗೈ ಎತ್ತೋನು ಕಣೇ ನಾನು! ಬರೆಯೋವಾಗ್ಲೇ ತಿರುಗಿಸಿ ಬರ್ದಿದ್ದೆ. ತಿರುಗಿಸಿದ್ದನ್ನ ನೀನು ಮತ್ತೆ ತಿರುಗಿಸ್ದೆ. ಇನ್ನು ಎಲ್ಲಾ ಬಿಚ್ಬೇಕು, ಸಂಜೆಗೆ ಆಗೋ ಮಾತೇ ಅಲ್ಲ."

ದರ್ಜಿಯಮ್ಮನ ಕಣ್ಣಲ್ಲಿ ನೀರು ತುಂಬಿತು. ಮೊಮ್ಮಗಳು ಹೊಸ ಕಾರು ಹತ್ತಿ ಹೊರಟೇ ಹೋದಳು ಅನ್ನಿಸಿತು. ಒಂದು ಗಳಿಗೆ ಅಷ್ಟೇ. ಆಮೇಲೆ ತಟ್ಟನೆ ಎದ್ದು ನಿಂತಳು.

"ಬಿಚ್ಚೋದ್ಯಾಕೆ? ‘ಎ’ ಜೊತೆ ‘ಎ’ನೇ ಸೇರ್ಸಿದೀನಿ, ‘ಬ’ ಜೊತೆ ‘ಬ’. ಜೋಡಣೆ ಸರಿಯಾಗೇ ಇದೆ, ಕೂರಿಸಿದ ಕಡೆ ಮಾತ್ರ ತಪ್ಪಿದೆ. ಇಡಿಯಾಗಿ ಆಚೆಗೆ ಒಯ್ದು ಹಾಕಿದ್ರಾಯ್ತು!"

ಮೇಷ್ಟ್ರು ಸೀಟಿ ಊದಿಯೇಬಿಟ್ಟರು. ಇಬ್ಬರೂ ನಕ್ಕೂ ನಕ್ಕೂ ಸುಸ್ತಾದರು, ಕೈ ಮಾತ್ರ ನಿಲ್ಲಲಿಲ್ಲ. ಈ ಸಲ ಕೊಕ್ಕೆ ಪೈಪಿನ ಕಡೆಗೇ ಮುಖ ಮಾಡಿತು. ಬೋಲ್ಟುಗಳೆಲ್ಲ ಬಿಗಿದು, ಚಕ್ರ ಹಾಕಿ, ದಾರಿಯಲ್ಲೇ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಆಸ್ಪತ್ರೆಗೆ ಹೋದರು.

ಅಲ್ಲಿ ಬೀಗಿತ್ತಿಯ ಕಾರು ಥಳಥಳ ಹೊಳೆಯುತ್ತ ನಿಂತಿತ್ತು. ಮಗಳು ಕೂಸನ್ನು ಎತ್ತಿಕೊಂಡು ಎರಡು ಕಾರುಗಳ ನಡುವೆ ನಿಂತಳು.

"ಗೇಟಿನ ಹಂಪ್ ದಾಟೋವರೆಗೂ ಕೂರ್ತೀನಮ್ಮ. ಕಟ್ ಅಂದ್ರೆ ಅಲ್ಲೇ ಇಳೀತೀನಿ."

"ಇಳ್ಕೋ" ಎಂದಳು ದರ್ಜಿಯಮ್ಮ ಜಂಬದಿಂದ. ಮಗಳು ಹತ್ತಿದ ಮೇಲೆ ಗಾಡಿಯನ್ನು ಮಾತ್ರ ಮೆಲ್ಲಗೆ ಬಿಟ್ಟಳು.

ಹಂಪ್ ಬಂತು. ಕಾರು ಮೂತಿ ಎತ್ತಿತು, ಇಳಿಸಿತು. ಕಟ್ ಇಲ್ಲ, ಕಟಕಟ ಇಲ್ಲ. ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟುಕೊಂಡು, ಕೂಸಿನ ನೆನಪಾಗಿ ತೆಗೆದರು.

"ಅಮ್ಮಾ, ಗಾಡಿ ತಿರುಗಿಸು" ಎಂದಳು ಮಗಳು ಹಿಂದಿನಿಂದ.

ದರ್ಜಿಯಮ್ಮ ಬ್ರೇಕ್ ಒತ್ತಿದಳು. "ಯಾಕೆ, ಏನಾಯ್ತೇ?"

"ಇವಳು ಕಣ್ಣೂ ಬಿಡ್ಲಿಲ್ಲ ನೋಡಮ್ಮ! ಇನ್ನೊಂದ್ಸಲ ಹಂಪ್ ಹತ್ತಿಸು, ನಮ್ಮತ್ತೇನೂ ನೋಡ್ಲಿ. ಆಮೇಲೆ ಮನೆಗೆ ಹೋಗೋಣ."

ದರ್ಜಿಯಮ್ಮ ಕಣ್ಣೊರೆಸಿಕೊಂಡು ಗಾಡಿ ತಿರುಗಿಸಿದಳು.