ಕಂಬದ ಕೆಳಗಿನ ಗೋಡೆ

“ಗಂಡ ಹೆಂಡ್ತಿ ಸೇರ್ಕೊಂಡು ನನ್ನನ್ನ ಇಲ್ಲೇ ಸಮಾಧಿ ಮಾಡೋ ಯೋಚನೆ ಏನಾದ್ರೂ ಇದ್ಯೇನೇ?” ಎಂದು ಅತ್ತೆ ಪಾಯಿಖಾನೆಯ ಒಳಗಿನಿಂದ ಕೇಳಿದರು.

ಬಾಗಿಲು ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಅವಳು ಹೊರಗಿನಿಂದ ಹಿಡಿ ಜಗ್ಗಿದಳು, ಅತ್ತೆ ಒಳಗಿನಿಂದ ಭುಜ ಕೊಟ್ಟು ದೂಡಿದರು. ದೋಣಿಯ ಪಾಯಿಖಾನೆ ಎಂದರೆ ಬಟ್ಟೆ ಇಡುವ ಬೀರುವಿನಷ್ಟು ಜಾಗ. ಮಂಡಿನೋವಿನ ಅತ್ತೆಗೆ ಅಲ್ಲಿ ನಿಲ್ಲುವುದೂ ಕಷ್ಟ, ಕೂರುವುದೂ ಕಷ್ಟ. ತಲೆಯ ಮೇಲೆ, ಡೆಕ್ಕಿನಲ್ಲಿ, ಗಂಡನ ಹೆಜ್ಜೆ ಆಚೆಯಿಂದ ಈಚೆಗೆ ಓಡಾಡುತ್ತಿತ್ತು. ಬೆಳಿಗ್ಗೆಯಿಂದ ಹಾಯಿಕಂಬದ ತಂತಿಗಳನ್ನು ಬಿಗಿ ಮಾಡುತ್ತಿದ್ದ. ಅವಳು ಮೆಟ್ಟಿಲ ಬಳಿ ನಿಂತು, “ರೀ, ಸ್ವಲ್ಪ ಕೆಳಗೆ ಬನ್ನಿ” ಎಂದಳು. ಅವಳ ದನಿ ಯಾವಾಗಲೂ ಅಷ್ಟೇ. ಎರಡನೆಯ ಸಲ ಕರೆದ ಮೇಲೆಯೇ ಕೇಳಿಸುವುದು.

ಅವನು ಬಂದು ನೋಡಿದ. ಏನಾಯಿತೆಂದು ಕೇಳಲಿಲ್ಲ. ಸ್ಕ್ರೂಡ್ರೈವರ್ ತಂದು ಹೊರಗಡೆಯ ಕೀಲುಗಳನ್ನು ಬಿಚ್ಚಿ, ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟ. ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಹೊರಬಂದರು.

“ಥೇಟ್ ನಿಮ್ಮಪ್ಪನ ಬಾಯಿ ಕಣೋ ಈ ಬಾಗಿಲು. ಒಂದ್ಸಲ ಮುಚ್ಕೊಂಡ್ರೆ ಮುಗೀತು.”

“ಸಮುದ್ರದ ತೇವ ಅಮ್ಮ. ಮರ ಉಬ್ಬಿದೆ,” ಎಂದ ಅವನು.

ಬಾಗಿಲನ್ನು ಮಂಚಕ್ಕೆ ಆನಿಸಿಟ್ಟು ಕೀಸುಳಿ ಹಿಡಿದು ಮೇಲಿನ ಅಂಚನ್ನು ಹೆರೆಯತೊಡಗಿದ. ತೆಳ್ಳನೆಯ ಮರದ ಸುರುಳಿಗಳು ಹಾರಿ ಒಲೆಯ ಮೇಲಿದ್ದ ಹಾಲಿಗೆ ಬಿದ್ದವು. ಅವಳು ಚಮಚದಿಂದ ಒಂದೊಂದಾಗಿ ತೆಗೆದಳು. ಆ ಬಾಗಿಲನ್ನು ಅವನು ಹೆರೆಯುತ್ತಿರುವುದು ಇದು ಮೂರನೆಯ ಸಲ. ಮರ ಉಬ್ಬಿದರೆ ಸುತ್ತಲೂ ಉಬ್ಬಬೇಕು. ಅವನು ಪಕ್ಕವನ್ನು ಮುಟ್ಟುತ್ತಲೇ ಇರಲಿಲ್ಲ, ಬರೀ ಮೇಲಿನ ಅಂಚು. ಅದನ್ನು ಅವಳು ಮೊದಲ ಸಲವೇ ಕಂಡಿದ್ದಳು. ಬಾಯಿಗೆ ಬಂದದ್ದನ್ನು ನುಂಗಿ, ನೆಲ ಗುಡಿಸಿ, ಮರದ ಸುರುಳಿಗಳನ್ನು ಚೀಲಕ್ಕೆ ತುಂಬಿದಳು.

ಹೇಳದೆ ಇದ್ದುದಕ್ಕೆ ಕಾರಣವಿತ್ತು. ಮೆಕ್ಯಾನಿಕ್ ಆಗಿದ್ದ ಬಸ್ ಡಿಪೋ ಮುಚ್ಚಿದ ಮೇಲೆ ಅವನು ಬಾಡಿಗೆ ಮನೆಯ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವನು ತಿಂಗಳುಗಟ್ಟಲೆ ಎದ್ದಿರಲಿಲ್ಲ. ತಟ್ಟೆ ಇಟ್ಟರೆ ಹಾಗೇ ಇರುತ್ತಿತ್ತು. ಗಡ್ಡದಲ್ಲಿ ಮುಖ ಮುಚ್ಚಿಹೋಗಿತ್ತು. ಅತ್ತೆ ಬೈದು ನೋಡಿದರು, ಅತ್ತು ನೋಡಿದರು. ಅವಳು ಅವನ ಶೇವಿಂಗ್ ಬ್ಲೇಡುಗಳನ್ನು ತನ್ನ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಆಮೇಲೆ ಒಂದು ದಿನ ಯಾರೋ ಬಂದು, ಬಂದರಿನಲ್ಲಿ ಒಂದು ಹಳೆಯ ಹಾಯಿದೋಣಿ ಬಿದ್ದಿದೆ, ಯಾರಿಗೂ ಬೇಡವಂತೆ ಎಂದರು. ಅವನು ಎದ್ದು ಕೂತ. ಅವನಿಗಿಂತ ವಯಸ್ಸಾದ ದೋಣಿ. ಆದರೆ ಆವತ್ತು ಅವನು ಎರಡು ಸಲ ಬಡಿಸಿಕೊಂಡು ಊಟ ಮಾಡಿದ.

ಮನೆ ಬಿಟ್ಟು ದೋಣಿಗೆ ಬಂದರು. ಅವನು ಕೊಳೆತ ವೈರುಗಳನ್ನೆಲ್ಲ ಕಿತ್ತು ಹೊಸತು ಎಳೆದ. ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ಹಿಂದುಗಡೆ ಕಟ್ಟಿದ. ಹೊಸ ಬ್ಯಾಟರಿ, ಹೊಸ ಪಂಪು, ಕಂಬದ ತುದಿಗೆ ಹೊಸ ದೀಪ. ಅವಳು ಮೆತ್ತೆಗಳಿಗೆ ಗವಸು ಹೊಲಿದಳು, ಹರಿದ ಹಾಯಿಗೆ ತೇಪೆ ಹಾಕಿದಳು. ಬೇರೆ ಬಂದರಿನಲ್ಲಿ ದೋಣಿ ರಿಪೇರಿ ಅಂಗಡಿಯ ಯಜಮಾನನೊಬ್ಬ ಇವನ ಕೆಲಸದ ಫೋಟೋ ನೋಡಿ, ಗಾಳಿ ತಿರುಗುವ ಮೊದಲು ದೋಣಿ ಸಮೇತ ಬಂದುಬಿಡು, ಕೆಲಸವೂ ಇದೆ, ದೋಣಿ ಕಟ್ಟಿಕೊಳ್ಳಲು ಜಾಗವೂ ಇದೆ ಎಂದಿದ್ದ. ಉಳಿದಿದ್ದು ಫ್ರಿಜ್ ಒಂದೇ. ಅತ್ತೆಯ ಇನ್ಸುಲಿನ್ ತಣ್ಣಗಿರಬೇಕು. ದಡದಲ್ಲಿದ್ದಾಗ ಐಸ್ ತಂದು ಡಬ್ಬದಲ್ಲಿ ತುಂಬಿದರೆ ನಡೆಯುತ್ತಿತ್ತು. ನಡುನೀರಿನಲ್ಲಿ ಐಸ್ ಯಾರು ಕೊಡುತ್ತಾರೆ?

ಫ್ರಿಜ್ ತಂದ. ಅದು ಅಡಿಗೆಯ ಜಾಗದಲ್ಲಿ ಹಿಡಿಯಲಿಲ್ಲ. ಅಡಿಗೆಯ ಜಾಗಕ್ಕೂ ಅತ್ತೆ ಮಲಗುವ ಮುಂದಿನ ಕೋಣೆಗೂ ನಡುವೆ ಒಂದು ದಪ್ಪ ಮರದ ಗೋಡೆಯಿತ್ತು. ಒಂದು ಮಳೆಯ ದಿನ, ಅಕ್ಕಪಕ್ಕದ ದೋಣಿಯವರೆಲ್ಲ ಒಳಗಿದ್ದಾಗ, ಅವನು ಗರಗಸ ಹಿಡಿದು ಆ ಗೋಡೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದ. ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದಿನ ತಡಿಕೆ ತೆಗೆದರೆ ಬಸ್ಸೇನೂ ಕುಸಿಯುವುದಿಲ್ಲ ಎಂಬುದು ಅವನ ಲೆಕ್ಕ. ಇಲ್ಲಿ ಆ ಗೋಡೆಯ ನೆತ್ತಿಗೆ ಸರಿಯಾಗಿ, ಡೆಕ್ಕಿನ ಮೇಲೆ, ಹಾಯಿಕಂಬ ನಿಂತಿತ್ತು. ಕಂಬ ಡೆಕ್ಕನ್ನು ತೂರಿ ಕೆಳಗೆ ಇಳಿದಿರಲಿಲ್ಲ. ಬರೀ ಮೇಲೆ ಕೂತಿತ್ತು. ಅದರ ಭಾರವನ್ನೆಲ್ಲ ಹೊತ್ತದ್ದು ಆ ಗೋಡೆ.

ಫ್ರಿಜ್ ಕೂತ ಮೇಲೆ ಉಳಿದ ಸಂದಿಗೆ ಅವಳು ಸೂರಿನಿಂದ ಇಳಿಬೀಳುವ ಒಂದು ಪರದೆ ಹೊಲಿದಳು. ನೆಲಕ್ಕೆ ತಾಗಿ ಕೊಳೆಯಾಗದ ಹಾಗೆ ಬೆರಳಗಲ ಮೇಲಕ್ಕೆ ಅಂಚು ಮಡಿಚಿದ್ದಳು. ಕೆಲವು ವಾರ ಕಳೆಯುವಷ್ಟರಲ್ಲಿ ಪರದೆ ನೆಲ ಸವರತೊಡಗಿತು. ಅಳತೆ ಬರದವಳು ಹೊಲಿಗೆ ಯಾಕೆ ಹಿಡಿಯಬೇಕು ಎಂದು ಅತ್ತೆ ಚುಚ್ಚಿದರು. ಅವಳು ಅಂಚು ಬಿಚ್ಚಿ ಮತ್ತೆ ಮಡಿಚಿ ಹೊಲಿದಳು. ಅದೂ ನೆಲಕ್ಕೆ ತಾಗಿತು. ಮತ್ತೆ ಬಿಚ್ಚಿ ಮಡಿಚಿದಳು. ಓದು ಅವಳಿಗೆ ತಲೆಗೆ ಹತ್ತಿರಲಿಲ್ಲ, ಆದರೆ ಬಟ್ಟೆ ಎಷ್ಟು ಹಿಗ್ಗುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಈ ಬಟ್ಟೆ ಹಿಗ್ಗುವ ಜಾತಿಯದಲ್ಲ.

ಮೇಲೆ ಅವನು ತಂತಿ ಬಿಗಿ ಮಾಡುವುದನ್ನೂ ಅವಳು ನೋಡುತ್ತಿದ್ದಳು. ಕಂಬದ ತಲೆಯಿಂದ ಎರಡೂ ಪಕ್ಕಕ್ಕೆ ಇಳಿದ ಉಕ್ಕಿನ ತಂತಿಗಳು ವಾರಕ್ಕೊಮ್ಮೆ ಸಡಿಲವಾಗುತ್ತಿದ್ದವು. ಹೊಸ ತಂತಿ, ಎಳೆದುಕೊಳ್ಳುತ್ತವೆ ಎಂದು ಅವನು ತಿರುಪು ಬಿಗಿಯುತ್ತಿದ್ದ. ಬಿಗಿದ ಮೇಲೆ ಬಾಗಿಲು ಹಿಡಿದುಕೊಳ್ಳುತ್ತಿತ್ತು. ನೆರಿಗೆ ದಾರವನ್ನು ಎರಡೂ ಕಡೆಯಿಂದ ಜಗ್ಗಿದರೆ ನಡುವಿನ ಬಟ್ಟೆ ಕುಗ್ಗಿ ಕೂರುತ್ತದೆ. ಇಲ್ಲಿ ಕುಗ್ಗುತ್ತಿದ್ದುದು ಅವರ ತಲೆಯ ಮೇಲಿನ ಸೂರು. ಅವನು ಸರಿ ಮಾಡಿದಷ್ಟೂ ಅದು ಇಳಿಯುತ್ತಿತ್ತು. ಅದರ ಕೆಳಗೆ ಅತ್ತೆ ಮಲಗುತ್ತಿದ್ದರು.

ಹೇಳಿದರೆ ಅವನು ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಹೇಳದಿದ್ದರೆ ಕಂಬ ಒಂದು ದಿನ ಒಳಗೇ ಬರುತ್ತದೆ. ಅಡಿಗೆ ಮಾಡುವಾಗಲೂ ಸೂಜಿಗೆ ದಾರ ಪೋಣಿಸುವಾಗಲೂ ಅವಳು ಈ ಎರಡನ್ನೂ ಅಳೆದು ನೋಡುತ್ತಿದ್ದಳು.

ಮಾರನೆಯ ದಿನವೇ ಹೊರಡುವುದೆಂದು ನಿಂತಿತ್ತು. ಹೆರೆದ ಬಾಗಿಲು ಕೂಡಿಸಿ ಮುಗಿಸಿದವನು, ಇನ್ನೊಂದು ಸುತ್ತು ಬಿಗಿದುಬಿಡೋಣ, ಬಾ, ಹಿಡ್ಕೋ ಎಂದು ಅವಳನ್ನು ಮೇಲಕ್ಕೆ ಕರೆದ. ತಂತಿ ತಿರುಚಿಕೊಳ್ಳದ ಹಾಗೆ ಒಬ್ಬರು ತಿರುಪಿನ ಮೇಲುಗಡೆ ಸ್ಪ್ಯಾನರ್ ಕೊಟ್ಟು ಹಿಡಿಯಬೇಕು. ಇನ್ನೊಬ್ಬರು ಕೆಳಗೆ ತಿರುಪನ್ನು ತಿರುಗಿಸಬೇಕು. ಅವನು ಕೊಟ್ಟದ್ದು ಡಿಪೋದ ಸ್ಪ್ಯಾನರ್. ಅಲ್ಲಿಂದ ಅವನು ತಂದದ್ದು ಅದೊಂದನ್ನೇ. ಹಿಡಿ ಅವನ ಅಂಗೈಗೆ ತಕ್ಕಂತೆ ಸವೆದು ನುಣುಪಾಗಿತ್ತು.

ಅವನು ಅರ್ಧ ಸುತ್ತು ತಿರುಗಿಸಿದ. ಡೆಕ್ಕಿನ ಕೆಳಗಿನಿಂದ ನೆಟಿಗೆ ಮುರಿದಂತೆ ಒಂದು ಸದ್ದು ಬಂತು. ಅವನಿಗೂ ಕೇಳಿಸಿತ್ತು; ಕೈ ನಿಂತದ್ದನ್ನು ಅವಳು ನೋಡಿದಳು. ನಿಂತ ಕೈ ಮತ್ತೆ ತಿರುಪಿನ ಮೇಲೆ ಕೂತಿತು.

“ಸಾಕು ಬಿಡ್ರೀ.”

“ಇನ್ನೊಂದು ಸುತ್ತು. ಗಟ್ಟಿಯಾಗಿ ಹಿಡಿ.”

“ಪರದೆ ನೆಲಕ್ಕೆ ತಾಗ್ತಿದೆ.”

“ಪರದೆಗೂ ಇದಕ್ಕೂ ಏನು ಸಂಬಂಧ? ನೀನು ಅಳತೆ ತಪ್ಪಿ ಹೊಲಿದ್ರೆ ನಾನೇನು ಮಾಡ್ಲಿ? ಹಿಡಿ ಅಂದೆ.”

ಅವಳು ಸ್ಪ್ಯಾನರನ್ನು ತಿರುಪಿನಿಂದ ಬಿಡಿಸಿಕೊಂಡಳು. ಒಂದು ಗಳಿಗೆ ಅದನ್ನು ಎದೆಗೆ ಒತ್ತಿ ಹಿಡಿದಿದ್ದಳು. ಆಮೇಲೆ ಡೆಕ್ಕಿನ ಅಂಚಿನ ಕಂಬಿಯಾಚೆ ಕೈ ಚಾಚಿ ನೀರಿಗೆ ಬಿಟ್ಟಳು. ಎಸೆಯಲಿಲ್ಲ, ಬೆರಳು ಬಿಚ್ಚಿದಳು, ಅಷ್ಟೇ. ಬುಳುಕ್ ಎಂದಿತು.

ಅವನು ಅವಳ ಮುಖವನ್ನೇ ನೋಡಿದ. ಮದುವೆಯಾದಾಗಿನಿಂದ ಅವಳು ಅವನಿಗೆ ಎದುರು ಮಾತಾಡಿದ್ದಿಲ್ಲ. ಹೊಡೆದೇಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹೊಡೆದರೂ ಒಳ್ಳೆಯದೇ, ಅಷ್ಟು ಹೊತ್ತು ತಿರುಪು ಮುಟ್ಟುವುದಿಲ್ಲವಲ್ಲ ಎಂದೂ ಅನ್ನಿಸಿತು. ಅವನು ಮೆಟ್ಟಿಲಿಳಿದು ಹೋದ. ಅವಳು ಹಿಂದೆಯೇ ಇಳಿದಳು.

ಅವನು ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಂಚನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಒಂದರ ಕೆಳಗೊಂದು ಎರಡು ಸಾಲಾಗಿ ಕಾಣುತ್ತಿದ್ದವು. ಅವನು ಹೆಬ್ಬೆರಳಿನಿಂದ ಒಂದು ಸಾಲನ್ನು ಸವರಿದ. ಆಮೇಲೆ ಇನ್ನೊಂದನ್ನು.

“ಎರಡು ಸಲ ಮಡಿಚಿದ್ಯಾ?”

“ಹೂಂ.”

“ಹೇಳ್ಲಿಲ್ಲ.”

“ನೀವು ಬಾಗಿಲು ಹೆರೆದಿದ್ದು ನನಗೆ ಹೇಳಿ ಹೆರೆದ್ರಾ?”

ಅವನು ಪರದೆ ಬಿಟ್ಟ. ಅದು ನೆಲದ ಮೇಲೆ ಸ್ವಲ್ಪ ಮುದುರಿಕೊಂಡು ನಿಂತಿತು. ಮೊದಲನೆಯ ಸಲ ಬಾಗಿಲು ಹಿಡಿದಾಗಲೇ ಗೊತ್ತಾಗಿತ್ತು ಎಂದ. ಗೊತ್ತಾಗಿ, ಅಲ್ಲ ಅಂದುಕೊಂಡೆ ಎಂದ. ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದಕ್ಕೆ ಆಗುವುದಿಲ್ಲವಲ್ಲ ಎಂದ. ಅಲ್ಲಿಗೆ ಹೋಗಿ ಸೇರಿಬಿಟ್ಟರೆ ಆಮೇಲೆ ಹೇಗೋ ಆಗುತ್ತದೆ, ಅಷ್ಟು ದೂರ ಹಿಡಿದುಕೊಂಡರೆ ಸಾಕು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ ಎಂದ.

ಪರದೆಯ ಆಚೆಯಿಂದ ಅತ್ತೆ ಕೆಮ್ಮಿದರು.

“ನಾನು ದಿಂಬು ತಿರುಗಿಸಿ ಹಾಕ್ಕೊಂಡು ತುಂಬಾ ದಿನ ಆಯ್ತು ಕಣೋ,” ಎಂದರು. “ಬೀಳೋದಾದ್ರೆ ಕಾಲ್ಮೇಲೆ ಬೀಳ್ಲಿ. ಹೇಗೂ ಮಂಡಿ ಹೋಗಿದೆ.”

ಅವನು ಪರದೆ ಸರಿಸಿದ. ಅತ್ತೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಿಜವಾಗಿಯೂ ದಿಂಬು ದೋಣಿಯ ಮೂತಿಯ ಕಡೆಗಿತ್ತು. ಕಾಲಿಡುವ ಕಡೆಯ ಸೂರು ತೊಟ್ಟಿಲ ಬಟ್ಟೆಯಂತೆ ಜಗ್ಗಿತ್ತು. ದಿನಾ ಹಾಸಿಗೆ ಕೊಡವುತ್ತಿದ್ದ ಅವಳು ಅದನ್ನು ಗಮನಿಸಿರಲಿಲ್ಲ. ಬಾಗಿಲನ್ನೂ ಪರದೆಯನ್ನೂ ನೋಡಿದವಳಿಗೆ ದಿಂಬು ಕಂಡಿರಲಿಲ್ಲ.

“ನಿನಗೂ ಗೊತ್ತಿತ್ತಾ ಅಮ್ಮ? ಸುಮ್ನಿದ್ಯಲ್ಲ.”

“ಏನು ಹೇಳ್ಲಿ? ನೀನು ಎದ್ದು ಓಡಾಡ್ತಿದ್ದೆ. ನನಗೆ ಅಷ್ಟೇ ಸಾಕಿತ್ತು.”

ಅವನು ಅಲ್ಲೇ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅತ್ತೆ ಸೊಸೆಯ ಕಡೆ ನೋಡಿದರು. ಆ ನೋಟದಲ್ಲಿ ಯಾವ ಕೊಂಕೂ ಇರಲಿಲ್ಲ. ಹೋಗು ಎಂದು ಗಲ್ಲದಿಂದಲೇ ಮೇಲೆ ತೋರಿಸಿದರು. ಅವಳು ಚಪ್ಪಲಿ ಮೆಟ್ಟದೆ ದೋಣಿ ನಿಲ್ಲಿಸುವ ಕಟ್ಟೆಯ ಮೇಲೆ ಓಡಿದಳು.

ಬಂದರಿನಲ್ಲಿ ಹಾಯಿಕಂಬ ಏರಿಸುವ, ಇಳಿಸುವ ಕೆಲಸದವನನ್ನು ಎಲ್ಲರೂ ಕಂಬದಣ್ಣ ಎನ್ನುತ್ತಿದ್ದರು. ಅವಳು ಅವನ ಮುಂದೆ ನಿಂತು, ಒಮ್ಮೆ ಬಂದು ನೋಡಬೇಕು ಅಣ್ಣ ಎಂದದ್ದಷ್ಟೇ. ಅವನು ಅವಳ ಮುಖ ನೋಡಿ, ಕುಡಿಯುತ್ತಿದ್ದ ಲೋಟ ಕೆಳಗಿಟ್ಟು ಎದ್ದ. ದೋಣಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಸೂರಿಗೆ ಹೆಬ್ಬೆರಳು ಒತ್ತಿದ. ಯಾರು ಕತ್ತರಿಸಿದ್ದು ಎಂದು ಕೇಳಲಿಲ್ಲ. ಅತ್ತೆಯನ್ನು ಮೊದಲು ಹೊರಗೆ ಕರೆದುಕೊಂಡು ಹೋಗಿ ಎಂದ. ಆಮೇಲೆ ಗಂಡನ ಹೆಗಲ ಮೇಲೆ ಕೈಯಿಟ್ಟು, “ಸಂಜೆ ಗಾಳಿ ಏಳೋದ್ರೊಳಗೆ ಎತ್ತಿಬಿಡೋಣಪ್ಪ. ಇಷ್ಟು ದಿನ ನಿಂತಿದ್ದೇ ಹೆಚ್ಚು,” ಎಂದ.

ಅತ್ತೆಯನ್ನು ಕಟ್ಟೆಯ ಮೇಲಿನ ಬೆಂಚಿನಲ್ಲಿ ಕೂರಿಸಿ, ಮಡಿಲಿಗೆ ಔಷಧದ ಡಬ್ಬ ಕೊಟ್ಟದ್ದಾಯಿತು. ಕ್ರೇನ್ ಬಂತು. ತಂತಿಗಳನ್ನು ಬಿಚ್ಚುವಾಗ ಕಂಬದಣ್ಣ ಗಂಡನನ್ನೇ ಕರೆದು ಒಂದೊಂದು ತಿರುಪನ್ನೂ ಅವನ ಕೈಯಿಂದಲೇ ಸಡಿಲ ಮಾಡಿಸಿದ. ಕಂಬ ಎದ್ದು ಆಕಾಶದಲ್ಲಿ ತೂಗಿ, ನಿಧಾನವಾಗಿ ಅಡ್ಡವಾಗಿ, ಕಟ್ಟೆಯ ಮೇಲಿನ ಮರದ ಆಸರೆಗಳ ಮೇಲೆ ಮಲಗಿತು. ಬೋಳಾದ ದೋಣಿ ಸಣ್ಣ ಅಲೆಗೂ ಕುಣಿಯತೊಡಗಿತು. ಕಂಬವಿದ್ದಾಗ ನಿಧಾನವಾಗಿ ತೂಗುತ್ತಿದ್ದುದು ಈಗ ಹುಚ್ಚು ಹಿಡಿದಂತೆ ಆಚೀಚೆ ಹೊಯ್ದಾಡುತ್ತಿತ್ತು. ಡೆಕ್ಕಿನ ಒಳಮರ ನೆಂದ ಬಿಸ್ಕತ್ತಿನ ಹಾಗಾಗಿದೆ, ಅಷ್ಟನ್ನೂ ತೆಗೆದು ಕಟ್ಟಬೇಕು, ಈ ಗಾಳಿಗಾಲ ಮುಗಿಯುವವರೆಗೆ ಯಾತ್ರೆಯ ಮಾತಿಲ್ಲ ಎಂದು ಹೇಳಿ ಕಂಬದಣ್ಣ ಹೋದ.

ಗಂಡ ಕಟ್ಟೆಯ ತುದಿಗೆ ಹೋಗಿ ಆ ಯಜಮಾನನಿಗೆ ಫೋನ್ ಮಾಡಿದ. ಅವಳಿಗೆ ಈ ಕಡೆಯ ಮಾತು ಮಾತ್ರ ಕೇಳಿಸಿತು. ಹೌದು ಸಾರ್. ಇಲ್ಲ ಸಾರ್, ನನ್ನದೇ ತಪ್ಪು. ಸರಿ ಸಾರ್, ಬೇರೆಯವರನ್ನೇ ತಗೊಳ್ಳಿ. ಆಮೇಲೆ ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ನಿಂತಿದ್ದ. ಆ ಕಡೆಯವರು ಇಟ್ಟು ಬಹಳ ಹೊತ್ತಾಗಿರಬೇಕು. ಹಿಂತಿರುಗಿ ಬಂದವನು ಅವಳನ್ನಾಗಲಿ ತಾಯಿಯನ್ನಾಗಲಿ ನೋಡದೆ ಡೆಕ್ಕಿಗೆ ಹತ್ತಿ, ಕಂಬವಿದ್ದ ಜಾಗದ ಪಕ್ಕದಲ್ಲಿ ಬೋರಲಾಗಿ ಮಲಗಿಬಿಟ್ಟ. ಕೆನ್ನೆ ಮರಕ್ಕೆ ಒತ್ತಿತ್ತು. ಮುಖ ಆ ಕಡೆಗಿತ್ತು.

ತುಂತುರು ಹನಿಯತೊಡಗಿತು. “ಹೋಗಿ ಎಬ್ಬಿಸೇ,” ಎಂದರು ಅತ್ತೆ.

ಅವಳು ಹೋದಳು. ಕುಣಿಯುತ್ತಿದ್ದ ಡೆಕ್ಕಿನ ಮೇಲೆ ಮಂಡಿಯೂರಿ, ತೆವಳಿಕೊಂಡು ಅವನನ್ನು ಬಳಸಿ ಆ ಕಡೆಗೆ ಹೋಗಿ ಕೂತಳು. ಅವನ ಕಣ್ಣು ತೆರೆದಿತ್ತು. ಕಂಬ ನಿಂತಿದ್ದ ಕಡೆ ತಟ್ಟೆಯಷ್ಟಗಲ ತಗ್ಗಾಗಿ, ಅದರಲ್ಲಿ ಮಳೆನೀರು ನಿಲ್ಲತೊಡಗಿತ್ತು. ಅವನು ತೋರುಬೆರಳಿನಿಂದ ಆ ನೀರನ್ನು ಅಂಚಿನವರೆಗೆ ಎಳೆಯುತ್ತಿದ್ದ. ನೀರು ಅಲ್ಲಿವರೆಗೆ ಬಂದು ಮತ್ತೆ ಒಳಕ್ಕೇ ಜಾರುತ್ತಿತ್ತು. ಅಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅವನ ಒಂದು ಬೆರಳೂ ಅಲುಗಿರಲಿಲ್ಲ. ಅವನು ಮತ್ತೆ ಎಳೆಯುತ್ತಿದ್ದ.