ಪ್ರಕರಣ ನಾಲ್ಕು

ಇಪ್ಪತ್ತಮೂರು ವರ್ಷದಿಂದ ನಾನು ಈ ಕಾಲೇಜಿನ ವಿದ್ಯಾರ್ಥಿ ಕ್ಷೇಮ ವಿಭಾಗದಲ್ಲಿದ್ದೇನೆ. ವಿಭಾಗ ಅಂದರೆ ಭಾರಿ ದೊಡ್ಡದೇನೋ ಅಂದುಕೊಳ್ಳಬೇಡಿ. ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು, ಅಷ್ಟೇ. ಮಕ್ಕಳು ಬರುತ್ತಿದ್ದರು, ಅಳುತ್ತಿದ್ದರು, ಮೂಗು ಒರೆಸಿಕೊಂಡು ಹೋಗುತ್ತಿದ್ದರು. ನಾನು ಮೇಜಿನ ಮೇಲೆ ಪೆನ್ನು ಸಹ ಇಡುತ್ತಿರಲಿಲ್ಲ. ಪೆನ್ನು ಕಂಡರೆ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. "ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ ಮಗಾ, ನಾನು ಏನೂ ಬರ್ಕೊಳ್ಳಲ್ಲ" ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಆ ಮೇಲೆಯೇ ಅವರು ಬಾಯಿ ಬಿಡುತ್ತಿದ್ದದ್ದು.

ಹೋದ ವರ್ಷ ಪ್ರಿನ್ಸಿಪಾಲರು ಕರೆಸಿದರು. ಅವರ ಮೇಜಿನ ಮೇಲೆ ಒಂದು ಸುತ್ತೋಲೆ ಇತ್ತು.

"ಮೇಡಂ, ಇನ್ಮೇಲೆ ಮಕ್ಕಳ ಕ್ಷೇಮ ನೋಡ್ಕೊಳ್ಳೋರಿಗೆ ವೃತ್ತಿ ಪ್ರಮಾಣಪತ್ರ ಕಡ್ಡಾಯ. ಈ ವರ್ಷದೊಳಗೆ ತಗೊಂಡ್ಬಿಡಿ. ಇಲ್ದಿದ್ರೆ ನಿಮ್ಮನ್ನ ಪರೀಕ್ಷಾ ವಿಭಾಗಕ್ಕೆ ಹಾಕ್ಬೇಕಾಗತ್ತೆ."

"ಅಲ್ಲಿ ನಾನೇನು ಮಾಡ್ಲಿ ಸಾರ್?"

"ಉತ್ತರ ಪತ್ರಿಕೆ ಕಟ್ಟು ಕಟ್ಟೋದು, ಸೀಲು ಹಾಕೋದು. ಆರಾಮಾಗಿರತ್ತೆ."

ಆರಾಮವಂತೆ! ನನ್ನ ಮೈ ಉರಿದುಹೋಯಿತು. ಐವತ್ತೊಂದನೇ ವಯಸ್ಸಿಗೆ ಈ ಕೆಲಸ ನಿನಗೆ ಬರುತ್ತದೆ ಎಂದು ಬೇರೆಯವರು ಚೀಟಿ ಬರೆದುಕೊಡಬೇಕು. ಆದರೆ ಆ ಕೋಣೆ ಬಿಟ್ಟು ಇರುವುದು ನನ್ನಿಂದಾಗದು ಅನ್ನುವುದೂ ನನಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಅರ್ಜಿ ಹಾಕಿದೆ.

ಮೊದಲ ಭಾಗ ಲಿಖಿತ ಪರೀಕ್ಷೆ. ಅಡುಗೆಮನೆ ಕಟ್ಟೆಯ ಮೇಲೆ ಪುಸ್ತಕ ಒರಗಿಸಿಟ್ಟು ಓದಿದೆ. ಅದರಲ್ಲಿ ಗೋಪ್ಯತೆ ಅಂತಲೇ ಒಂದು ಅಧ್ಯಾಯವಿತ್ತು. ವಿದ್ಯಾರ್ಥಿ ನಂಬಿ ಹೇಳಿದ ಮಾತನ್ನು ಹೇಗೆ ಕಾಯಬೇಕು ಎಂದು ನಲವತ್ತು ಪುಟ. ಆ ಅಧ್ಯಾಯದಲ್ಲಿ ನನಗೆ ನೂರಕ್ಕೆ ನೂರು ಬಂತು. ಕೈಗಡಿಯಾರ ರಿಪೇರಿ ಮಾಡುವ ನಮ್ಮ ಯಜಮಾನರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ, "ಪರವಾಗಿಲ್ವೇ, ದೊಡ್ಡ ಪಂಡಿತೆಯಾದೆ" ಎಂದು ಕಿಚಾಯಿಸಿದರು.

ಎರಡನೇ ಭಾಗದಲ್ಲಿ ಸಿಕ್ಕಿಬಿದ್ದೆ. ನಾನು ನಿಭಾಯಿಸಿದ ಹತ್ತು ಪ್ರಕರಣಗಳ ದಾಖಲೆ ಕೊಡಬೇಕಂತೆ. ನನ್ನ ಹತ್ತಿರ ಒಂದು ಚೂರು ಕಾಗದವಿರಲಿಲ್ಲ. ಪ್ರಮಾಣಪತ್ರ ಮಂಡಳಿಗೆ ಫೋನು ಮಾಡಿ, ಮಕ್ಕಳಿಗೆ ಮಾತು ಕೊಟ್ಟಿದ್ದೇನೆ, ಏನನ್ನೂ ಬರೆದಿಟ್ಟಿಲ್ಲ ಎಂದು ವಿವರಿಸಿದೆ. ಆ ಕಡೆಯ ಹೆಂಗಸು ಬಹಳ ಸಮಾಧಾನದಿಂದ ಕೇಳಿಸಿಕೊಂಡಳು.

"ದಾಖಲೆ ಇಲ್ಲ ಅಂದ್ರೆ ಕೆಲಸ ಆಗಿಲ್ಲ ಅಂತ ಲೆಕ್ಕ ಮೇಡಂ. ಹೆಸರು, ಊರು ಬದಲಾಯಿಸಿ ಬರೀರಿ. ಎಲ್ರೂ ಹಾಗೇ ಮಾಡೋದು."

ಕೆಲಸ ಆಗಿಲ್ಲ! ಇಪ್ಪತ್ತಮೂರು ವರ್ಷ ನಾನೇನು ಕತ್ತೆ ಕಾಯುತ್ತಿದ್ದೆನೇ?

"ಹತ್ತು ಕಥೆ ಕಟ್ಟಿ ಬಿಸಾಕು," ಎಂದರು ಯಜಮಾನರು. "ಯಾರು ಬಂದು ನೋಡ್ತಾರೆ?"

"ಮಾಡಿರೋ ಕೆಲ್ಸ ಇಟ್ಕೊಂಡು ಸುಳ್ಳು ಯಾಕ್ರೀ ಬರೀಲಿ?" ಎಂದು ಅವರ ಮೇಲೇ ರೇಗಿದೆ.

ಅವತ್ತು ಅವರ ಮಾತು ಕೇಳಿದ್ದರೆ ಒಬ್ಬಳ ಮರ್ಯಾದೆ ಉಳಿಯುತ್ತಿತ್ತು. ನನ್ನದು ಪ್ರಾಮಾಣಿಕತೆ ಅಂದುಕೊಂಡೆ. ಬರೀ ಜಂಬ ಅದು. ನಾನು ಮಾಡಿದ್ದನ್ನು ಯಾರಾದರೂ ಓದಿ ತಲೆದೂಗಲಿ ಎಂಬ ಆಸೆ ಒಳಗೊಳಗೇ ಇತ್ತು.

ಹತ್ತನ್ನೂ ಮೊಗಮ್ಮಾಗಿ ಬರೆದು ಕಳಿಸಿದೆ. ವಾರದಲ್ಲಿ ವಾಪಸು ಬಂತು. 'ವಿವರ ಸಾಲದು. ಸನ್ನಿವೇಶ ಕಣ್ಣಿಗೆ ಕಟ್ಟುವಂತಿರಲಿ' ಎಂದು ಕೆಂಪು ಅಕ್ಷರದಲ್ಲಿ ಷರಾ. ಕಣ್ಣಿಗೆ ಕಟ್ಟುವಂಥದ್ದು ನನ್ನ ಬಳಿ ಇತ್ತಲ್ಲ. ಅದನ್ನೇ ಪ್ರಕರಣ ನಾಲ್ಕರಲ್ಲಿ ಬರೆದೆ.

ಆರು ವರ್ಷದ ಹಿಂದಿನ ಮಾತು. ಒಬ್ಬ ಹುಡುಗಿ ಮೊದಲ ವರ್ಷ ಫೇಲಾದಳು. ಕಾಲೇಜಿನವರು ಅವಳ ಹೆಸರು ಹೊಡೆದುಹಾಕಿದರು. ಅಪ್ಪನಿಗೆ ಹೇಳಲು ಧೈರ್ಯವಾಗಲಿಲ್ಲ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಬಂದು ಎಂಬತ್ತು ಜನರ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರುತ್ತಿದ್ದಳು. ಹಾಜರಿ ಕೂಗುವ ಮೇಷ್ಟ್ರು ನಲವತ್ತೊಂದಾದ ಮೇಲೆ ಸೀದಾ ನಲವತ್ತಮೂರಕ್ಕೆ ಹೋಗುತ್ತಿದ್ದರು. ನಡುವಿನ ಆ ಸಂದಿಯಲ್ಲಿ ಇವಳು ತುಟಿಯೊಳಗೇ "ಪ್ರೆಸೆಂಟ್ ಸಾರ್" ಅನ್ನುತ್ತಿದ್ದಳು. ಎಂಟು ತಿಂಗಳು, ದಿನಾ. ಅದನ್ನು ಅವಳು ಹೇಳಿದ್ದು ನನಗೊಬ್ಬಳಿಗೇ, ಚಿಲಕ ಹಾಕಿಕೊಂಡು. ನಾನೇ ಅವಳ ಜೊತೆ ಮನೆಗೆ ಹೋಗಿ ಅಪ್ಪನಿಗೆ ತಿಳಿಸಿ ಹೇಳಿದೆ. ಮತ್ತೆ ಸೇರಿಕೊಂಡಳು, ಪಾಸಾದಳು. ನಾನು ಅರ್ಜಿ ಬರೆಯುವ ಹೊತ್ತಿಗೆ ನಮ್ಮ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲೇ ಸಹಾಯಕಿಯಾಗಿದ್ದಳು. ಅವಳಿಗೆ ಅದೆಷ್ಟು ಹೆಮ್ಮೆಯ ಕೆಲಸ ಅಂದರೆ, ಬಿಳಿ ಕೋಟನ್ನು ದಿನಾ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದಳು.

ಹೆಸರು ಬದಲಾಯಿಸಿದೆ, ಅವಳು ಓದುತ್ತಿದ್ದ ವಿಷಯ ಬದಲಾಯಿಸಿದೆ. ಆ ಹಾಜರಿಯ ಸಂಗತಿಯನ್ನು ಮಾತ್ರ ನಂಬರೂ ಬಿಡದೆ ಹಾಗೇ ಇಟ್ಟೆ. ಎರಡು ಮಹಡಿ ಹತ್ತಿದ್ದರೆ ಅವಳನ್ನೇ ಒಂದು ಮಾತು ಕೇಳಬಹುದಿತ್ತು. ಹತ್ತಲಿಲ್ಲ. ಬೇಡ ಅಂದುಬಿಟ್ಟಾಳು ಎಂಬ ಭಯ. ಅರ್ಜಿಯ ಕೊನೆಗೆ 'ತರಬೇತಿಗಾಗಿ ಬಳಸಿಕೊಳ್ಳಲು ಒಪ್ಪಿಗೆ' ಎಂಬ ಚೌಕವಿತ್ತು. ಅದಕ್ಕೂ ಗುರುತು ಹಾಕಿದೆ. ಹಾಕದಿದ್ದರೆ ಕಂಪ್ಯೂಟರಿನಲ್ಲಿ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ.

ಪ್ರಮಾಣಪತ್ರ ಬಂತು. ಪರೀಕ್ಷಕರು 'ಗೋಪ್ಯತೆಯನ್ನು ಮಾದರಿಯಾಗಿ ಪಾಲಿಸಲಾಗಿದೆ' ಎಂದು ಬರೆದಿದ್ದರು. ಪ್ರಿನ್ಸಿಪಾಲರು ಅದಕ್ಕೆ ಕಟ್ಟು ಹಾಕಿಸಿ ನನ್ನ ಕೋಣೆಯಲ್ಲಿ ತಾವೇ ನಿಂತು ಮೊಳೆ ಹೊಡೆಸಿದರು. ಸಾಲದು ಅಂತ ಎಲ್ಲ ಸಿಬ್ಬಂದಿಗೂ ಒಂದು ದಿನದ ತರಬೇತಿ ಇಟ್ಟರು. ಮಂಡಳಿಯಿಂದ ಬಂದ ತರಬೇತುದಾರ ಸೂಟು ಹಾಕಿಕೊಂಡಿದ್ದ. ಮಂತ್ರಕ್ಕಿಂತ ಉಗುಳೇ ಜಾಸ್ತಿ. ಊಟದ ಹೊತ್ತಿಗೆ ಅರ್ಧ ಜನ ತೂಕಡಿಸುತ್ತಿದ್ದರು. ಎಬ್ಬಿಸಲೆಂದೋ ಏನೋ, ಅವನು ದನಿ ಏರಿಸಿದ.

"ಈಗ ಒಂದು ಮಾದರಿ ಪ್ರಕರಣ ಓದ್ತೀನಿ. ಬರೆದೋರು ಬೇರೆ ಯಾರೂ ಅಲ್ಲ, ನಿಮ್ಮ ಮೇಡಮ್ಮೇ!"

ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಅವಳು ಬಿಳಿ ಕೋಟಿನಲ್ಲಿ ಕೂತು ನನ್ನ ಕಡೆ ತಿರುಗಿ ನಗುತ್ತಾ ಚಪ್ಪಾಳೆ ತಟ್ಟುತ್ತಿದ್ದಳು.

ಅವನು ಓದಿದ. ಕೊನೇ ಬೆಂಚು, ಬುತ್ತಿ, ನಲವತ್ತೊಂದು, ನಲವತ್ತಮೂರು. ಎದ್ದು ನಿಲ್ಲಿಸಬೇಕಿತ್ತು. ಏಳಲಿಲ್ಲ. ನಮ್ಮಲ್ಲಿ ಒಬ್ಬ ಮೇಷ್ಟ್ರಿದ್ದಾರೆ, ಊರಿನ ಸುದ್ದಿಯೆಲ್ಲ ಬಿತ್ತರಿಸುವುದಕ್ಕೆ ಎಲ್ಲರೂ ಅವರನ್ನು ರೇಡಿಯೋ ಅನ್ನುತ್ತೇವೆ. ಆ ವರ್ಷ ಆ ಕ್ಲಾಸಿನ ಹಾಜರಿ ಕೂಗುತ್ತಿದ್ದವರು ಅವರೇ.

"ಅರೆ! ನಲವತ್ತೆರಡು! ಇದು ನಂ ಕ್ಲಾಸೇ ಕಣ್ರೀ!" ಎಂದು ಕೂಗಿ ಹಿಂದಕ್ಕೆ ತಿರುಗಿದರು. "ಏನಮ್ಮಾ, ನೀನೇ ಅಲ್ವಾ ಅದು?"

ಇಡೀ ಸಭಾಂಗಣ ತಿರುಗಿತು. "ಅಯ್ಯೋ ಪಾಪ" ಎಂದರು ಕೆಲವರು, ಉಳಿದವರು ನಕ್ಕರು. ಅವಳ ಕೈ ಎರಡೂ ಮಡಿಲಿಗೆ ಬಿದ್ದವು.

ಮಾರನೇ ದಿನದಿಂದ ಅವಳ ಹೆಸರೇ ನಲವತ್ತೆರಡಾಯಿತು. ಸಿಬ್ಬಂದಿ ಕೋಣೆಯ ಮಾತು ಮಕ್ಕಳ ಕಿವಿಗೆ ಬೀಳಲು ಎಷ್ಟು ಹೊತ್ತು? ಪ್ರಯೋಗಾಲಯದಲ್ಲಿ ಅವಳು ಹಾಜರಿ ತೆಗೆದುಕೊಳ್ಳುವಾಗ ನಲವತ್ತೊಂದು ಮುಗಿದದ್ದೇ ತಡ, ಇಡೀ ಬ್ಯಾಚು ಪಿಸುದನಿಯಲ್ಲಿ "ಪ್ರೆಸೆಂಟ್ ಸಾರ್" ಅನ್ನುತ್ತಿತ್ತಂತೆ. ನಾನು ಪ್ರಿನ್ಸಿಪಾಲರ ಬಳಿ ಹೋಗಿ ಕೂಗಾಡಿದೆ. "ಹುಡುಗರು ಮೇಡಂ, ನಾಲ್ಕು ದಿನ ಆಡ್ತಾರೆ, ಮರೀತಾರೆ" ಎಂದರು. ರೇಡಿಯೋಗೂ ಬಾಯಿಗೆ ಬಂದಂತೆ ಬೈದೆ. "ಬರೆದಿದ್ದು ನೀವು, ಬೈಸ್ಕೊಳ್ಳೋದು ನಾನಾ?" ಎಂದರು ಅವರು.

ಮೂರನೇ ವಾರ ಅವಳು ನನ್ನ ಕೋಣೆಗೆ ಬಂದಳು. ಕೋಟು ಇರಲಿಲ್ಲ. ಕೂರು ಅಂದರೂ ಕೂರಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

"ಕೆಲಸ ಬಿಟ್ಟೆ ಮೇಡಂ. ಹೇಳ್ಬಿಟ್ಟು ಹೋಗೋಣ ಅಂತ ಬಂದೆ."

"ನನ್ನದು ತಪ್ಪಾಯ್ತು ಕಣಮ್ಮಾ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಆ ಕೋಣೆಯಲ್ಲಿ ನಾನು ಅತ್ತದ್ದು ಅದೇ ಮೊದಲು.

ಅವಳು ನಾನು ಅತ್ತು ಮುಗಿಸುವವರೆಗೆ ಕಾದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮನೇಲಿ ಹೇಳಿದ್ಯಾ?"

"ಇಲ್ಲ. ಇವತ್ತು ಹೇಳ್ಬೇಕು."

"ನಡಿ, ನಾನೂ ಬರ್ತೀನಿ. ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ," ಎಂದು ಎದ್ದು ಚೀಲ ಹೆಗಲಿಗೆ ಹಾಕಿಕೊಂಡೆ.

"ಬೇಡ ಮೇಡಂ," ಎಂದಳು, ಮೆತ್ತಗೆ, ನನಗೆ ಬುದ್ಧಿ ಹೇಳುವವಳ ಹಾಗೆ. "ನೀವು ಬಂದ್ರೆ ಅದನ್ನೂ ಬರೀತೀರಿ."